ಘಟ್ಟದ ಬಂಗಲೆ, ಕರಾವಳಿಯ ಹೆಂಚು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ಈ ಎರಡು ಸಾಹಸಗಳನ್ನೂ ಮಾಡಿ ಮುಗಿಸಿದ ಗೃಹಸ್ಥನಿಗೆ ಮೂರನೆಯದೊಂದು ಉಳಿದೇ ಇರುತ್ತದೆ. ಅದು ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದು. ಹೊಸ ಮನೆಗೆ ಹಣವಿದ್ದರೆ ಸಾಕು. ಹಳೆಯ ಮನೆಗೆ ಹಣದೊಡನೆ ತಾಳ್ಮೆಯೂ ಬೇಕು. ಅದಕ್ಕಿಂತ ಹೆಚ್ಚಾಗಿ ಆ ಮನೆಗೆ ಮಾಡಲು ಒಂದು ಕೆಲಸ ಬೇಕು. ಕೆಲಸವಿಲ್ಲದ ಮನೆಯು ಒಡೆಯನಿದ್ದೂ ಹಾಳು ಬೀಳುವುದು. ಕೆಲಸ ದೊರೆತ ಮನೆಯು ಒಡೆಯರು ಬದಲಾದರೂ ನಿಲ್ಲುವುದು. ಈ ಮಾತಿಗೆ ನಿದರ್ಶನವಾಗಿ ಕೊಡಗು, ಚಿಕ್ಕಮಗಳೂರು, ಮಂಜರಾಬಾದಿನ ಕಾಫಿ ತೋಟಗಳ ಹಳೆಯ ಬಂಗಲೆಗಳನ್ನು ಹೇಳಬಹುದು. ದೊರೆಗಳ ಬಿಡಾರಗಳಾಗಿದ್ದ ಈ ಮನೆಗಳಲ್ಲಿ ಕೆಲವು ಇಂದು ಅತಿಥಿಗೃಹಗಳಾಗಿ ಮರುಜೀವ ಪಡೆದಿವೆ. ಅವು ಇರುವುದು ಘಟ್ಟದ ಮೇಲೆ; ಆದರೆ ಅವುಗಳ ಕಥೆಯಲ್ಲಿ ಅರ್ಧಪಾಲು ನಮ್ಮ ಮಂಗಳೂರಿನದು. ಆ ಅರ್ಧಪಾಲನ್ನು ನೆನಪು ಮಾಡಿಕೊಡುವುದೇ ಈ ತಿಂಗಳ ನಮ್ಮ ಉದ್ದೇಶ.

ಕಾಫಿ ಗಿಡವು ನಮ್ಮ ದೇಶದ್ದಲ್ಲವೆಂಬುದು ವಾಚಕರಿಗೆ ತಿಳಿದ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಾಧುಪುರುಷರು ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯವುಂಟು. ಬಹುಕಾಲ ಅದು ಹಿತ್ತಿಲ ಗಿಡವಾಗಿಯೇ ಬೆಳೆಯಿತು. ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಬಾಬಾಬುಡನಗಿರಿಯ ದಕ್ಷಿಣದ ಬೆಟ್ಟಗಳಲ್ಲಿ ಕ್ರಮವಾದ ತೋಟವನ್ನು ಹಾಕಿದನು. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿ ಸರಕಾರದ ವಶವಾಯಿತು. ಇಪ್ಪತ್ತು ವರ್ಷಗಳ ತರುವಾಯ, ೧೮೫೪ರಲ್ಲಿ, ಫೌಲರ್ ಎಂಬವನು ಮಡಿಕೇರಿಯ ಬಳಿ ಮೊದಲನೆಯ ಐರೋಪ್ಯ ತೋಟವನ್ನು ತೆರೆದನು. ಮುಂದೆ ಹತ್ತು ಹದಿನೈದು ವರ್ಷಗಳಲ್ಲಿ ಕಾಡು ಕಡಿದು ತೋಟ ಹಾಕುವ ಆತುರವು ಜ್ವರದಂತೆ ಹಬ್ಬಿತು.

ತೋಟವಾದ ಮೇಲೆ ಮನೆ ಬೇಡವೆ? ಮೊದಲಲ್ಲಿ ಅವು ಮಣ್ಣಿನ ಗೋಡೆಗೆ ಹುಲ್ಲು ಹೊದಿಸಿದ ಗುಡಿಸಲುಗಳೇ ಆಗಿದ್ದುವು. ಬೆಳೆಯ ಹಣ ಕೈಗೆ ಬಂದಂತೆ ಬಂಗಲೆಗಳು ಎದ್ದುವು. ಅವುಗಳ ಕಟ್ಟಣೆಯಲ್ಲಿ ಒಂದು ಸಾಮಾನ್ಯ ಲಕ್ಷಣವುಂಟು. ದಿಬ್ಬದ ನೆತ್ತಿಯಲ್ಲಿ, ಕಾಫಿ ಒಣಗಿಸುವ ಕಣ ಕಣ್ಣಿಗೆ ಬೀಳುವಂತೆ ಮನೆಯನ್ನು ಕಟ್ಟುವರು. ಮೂರು ಸುತ್ತಲೂ ಅಗಲವಾದ ಜಗಲಿ. ಮಳೆಯ ಇರಿಚಲು ಒಳಗೆ ಬಾರದಂತೆ ತಗ್ಗಿ ಇಳಿದ ಮಾಡು. ಒಳಗೆ ಎತ್ತರವಾದ ಕೋಣೆಗಳು, ಚಳಿ ಕಾಯಿಸಲು ಗೋಡೆಯಲ್ಲಿ ಬೆಂಕಿಗೂಡು. ಅಡುಗೆಮನೆಯು ಮಾತ್ರ ಹೊಗೆಗೂ ಬೆಂಕಿಗೂ ಹೆದರಿ ಹಿಂದೆ ಪ್ರತ್ಯೇಕವಾಗಿ ನಿಂತಿರುವುದು. ಮೇಜಿನ ಮೇಲಿನ ಊಟ ದೊರೆಯದು, ಒಲೆಯ ಮುಂದಿನ ಬೆವರು ಬಟ್ಲರನದು. ಬೀಟೆಯ ಮರ ಅಲ್ಲಿಯ ಕಾಡಿನದೇ. ಆದಕಾರಣ ಮಂಚ, ಮೇಜು, ಬೀರುಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಒಂದೇ ವಸ್ತುವಿಗೆ. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಸುರಿಯುವ ಆ ಮಳೆಯನ್ನು ತಡೆಯಬಲ್ಲ ಮಾಡು ಬೇಕಾಗಿತ್ತು.

ಅದು ದೊರೆತುದು ಮಂಗಳೂರಿನಿಂದ. ೧೮೩೪ರಲ್ಲಿ ಇಲ್ಲಿ ಬಂದಿಳಿದ ಬಾಸೆಲ್ ಮಿಶನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಯು ನದಿಯ ಆವೆಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಗೂಡಿನಲ್ಲಿ ಸುಟ್ಟು ತೆಗೆದ ಹೆಂಚು ಅಂದಿನವರೆಗೆ ನಾವು ಬಲ್ಲ ಓಡುಹೆಂಚಿನಂತಿರಲಿಲ್ಲ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕುಳಿತು ತಾನಾಗಿ ಬಿಗಿಯುವುದು. ಗಾರೆ ಬೇಡ, ಮೊಳೆ ಬೇಡ. ಪಕ್ಕಾಸಿನ ಮೇಲೆ ರೀಪು ಬಡಿದು ಸಾಲಾಗಿ ಹೊಂದಿಸಿದರೆ ಮಾಡು ಸಿದ್ಧ. ಒಂದು ಒಡೆದರೆ ಆ ಒಂದನ್ನೇ ತೆಗೆದು ಬೇರೆ ಇಡಬಹುದು. ಬೆಳಕು ಬೇಕಾದಲ್ಲಿ ಒಂದು ಕನ್ನಡಿ ಹೆಂಚು. ಅಲ್ಬುಕರ್ಕ್ ಮನೆತನದವರು ೧೮೬೮ರಲ್ಲಿ ಆರಂಭಿಸಿದ ಕಾರ್ಖಾನೆಯೊಡನೆ ಈ ಉದ್ಯಮವು ದೇಶೀಯರ ಕೈಗೂ ಬಂದಿತು. ನೇತ್ರಾವತಿ, ಗುರುಪುರ ನದಿಗಳ ದಡಗಳಲ್ಲಿ ಹೊಗೆಗೂಡುಗಳ ಸಾಲು ಎದ್ದಿತು. ಹಡಗು ಹತ್ತಿ ಹೊರನಾಡುಗಳಿಗೂ ಹೋದ ಈ ಹೆಂಚು ಘಟ್ಟ ಹತ್ತಿ ಕಾಫಿ ನಾಡಿಗೂ ಹೋಯಿತು. ಇಂದಿಗೂ ಹಳೆಯ ಬಂಗಲೆಯ ಒಂದು ಹೆಂಚನ್ನು ತಿರುಗಿಸಿ ನೋಡಿದವರಿಗೆ ಅದರ ಬೆನ್ನ ಮೇಲೆ ನಮ್ಮ ಊರಿನ ಹೆಸರು ಕಾಣಸಿಗುವುದುಂಟು.

ಹೆಂಚು ಮೇಲೇರಿದ ದಾರಿಯಲ್ಲಿಯೇ ಕಾಫಿಯು ಕೆಳಗಿಳಿಯುತ್ತಿತ್ತು. ಚಾರ್ಮಾಡಿ, ಶಿರಾಡಿ, ಸಂಪಾಜೆಯ ಘಟ್ಟಗಳಿಂದ ಮೂಟೆ ಹೊತ್ತ ಎತ್ತಿನ ಗಾಡಿಗಳು ಇಳಿದು ಬಂದು ಬಂಟವಾಳದಲ್ಲಿ ನಿಲ್ಲುವುವು. ಅಲ್ಲಿಂದ ದೋಣಿಗಳಲ್ಲಿ ನೇತ್ರಾವತಿಯ ಮೇಲೆ ಬಂದರಕ್ಕೆ. ಘಟ್ಟದ ಮೇಲಿನ ಮಂಜಿನಲ್ಲಿ ಕಾಫಿಬೀಜ ಸರಿಯಾಗಿ ಒಣಗದು. ಕರಾವಳಿಯ ಬಿಸಿಲಿನಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಹಡಗಿಗೇರಿಸಬೇಕು. ಇದರಿಂದ ಮಂಗಳೂರಿನಲ್ಲಿ ಕಾಫಿಯ ಕ್ಯೂರಿಂಗ್ ಕಾರ್ಖಾನೆಗಳು ಬೆಳೆದುವು. ಕಾಳು ಆರಿಸುವ ಕೆಲಸದಲ್ಲಿ ನಮ್ಮ ಊರಿನ ಬಡ ಹೆಂಗಸರು ದಿನಗೂಲಿ ಗಳಿಸಿ ಸಂಸಾರ ಸಾಕಿದರು.

ಆ ಹಡಗುಗಳು ಆಫ್ರಿಕದ ದಕ್ಷಿಣದಲ್ಲಿರುವ ಕೇಪ್ ಭೂಶಿರವನ್ನು ಸುತ್ತಿಕೊಂಡು ಯೂರೋಪನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವ ಹೀರಿದ ಹಸುರು ಕಾಳು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದು, ಹೊಸದೊಂದು ರುಚಿಯನ್ನು ಪಡೆಯುತ್ತಿತ್ತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದು, ಆವಿಯ ಹಡಗುಗಳು ಬಂದು, ಪ್ರಯಾಣವು ಚಿಕ್ಕದಾದ ಮೇಲೆ ಆ ರುಚಿಯನ್ನು ಕಾಣದೆ ಅಲ್ಲಿಯ ಗಿರಾಕಿಗಳು ಬೇಸರಿಸಿದರು. ಆಗ ನಮ್ಮ ಕರಾವಳಿಯವರು ಮಳೆಗಾಲದ ಗಾಳಿಯನ್ನೇ ಉಪಯೋಗಿಸಿಕೊಂಡರು. ಜೂನ್ ತಿಂಗಳಿಂದ ತೆರೆದ ಗೋದಾಮುಗಳಲ್ಲಿ ಕಾಳನ್ನು ಹರವಿ, ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ, ಮತ್ತೆ ಹರವಿ, ಮೂರು ನಾಲ್ಕು ತಿಂಗಳು ಸಾಕಿ ಅದೇ ಹೊಂಬಣ್ಣವನ್ನು ತಂದರು. 'ಮಾನ್ಸೂನ್ಡ್ ಮಲಬಾರ್' ಎಂಬ ಆ ಕಾಫಿಯು ಇಂದಿಗೂ ಮಂಗಳೂರಿನಲ್ಲಿ ಸಿದ್ಧವಾಗುತ್ತಿದೆ. ಭೌಗೋಳಿಕ ಸೂಚಕವೆಂಬ ರಾಜಮುದ್ರೆಯೂ ಅದಕ್ಕೆ ಲಭಿಸಿದೆ.

ಇಷ್ಟು ಸರಕಿನ ಮಾತು. ಜನರ ಮಾತು ಇದಕ್ಕಿಂತ ಕಠಿನವಾದುದು. ತೋಟಗಳಿಗೆ ಕೂಲಿಯಾಳುಗಳು ಎಲ್ಲಿಂದ ಬಂದರು? ಕೆಲವರು ಮೈಸೂರು ಸೀಮೆಯವರು, ಕೆಲವರು ತಮಿಳು, ಮಲೆಯಾಳ ನಾಡಿನವರು. ಆದರೆ ಬಹುಮಂದಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರೇ ಆಗಿದ್ದರು. ಇಲ್ಲಿಯ ಕೊಯ್ಲು ಮುಗಿದೊಡನೆ ಮೇಸ್ತ್ರಿಯು ಹಳ್ಳಿಗೆ ಬಂದು ಮುಂಗಡ ಹಣ ಕೊಡುವನು. ಮಗಳ ಮದುವೆಗೋ, ಒಡೆಯನ ಸಾಲಕ್ಕೋ, ಕೋಲಕ್ಕೋ ಆ ಹಣ ಕರಗುವುದು. ಗಂಡ, ಹೆಂಡತಿ, ಮಕ್ಕಳು ಗಂಟು ಕಟ್ಟಿಕೊಂಡು ಕಾಲುನಡಿಗೆಯಲ್ಲಿ ಘಟ್ಟವನ್ನೇರುವರು. ಮಳೆ ಹಿಡಿಯುವ ಮುನ್ನ ಬೇಸಾಯಕ್ಕೆ ಹಿಂದಿರುಗುವರು. ಎಲ್ಲರೂ ಹಿಂದಿರುಗುತ್ತಿರಲಿಲ್ಲ. ಮಲೆಜ್ವರವು ಪ್ರತಿವರ್ಷ ತನ್ನ ಪಾಲನ್ನು ತೆಗೆದುಕೊಳ್ಳುತ್ತಿತ್ತು. ಮುಂಗಡ ಪಡೆದು ಕೆಲಸಕ್ಕೆ ಹೋಗದವನನ್ನು ಶಿಕ್ಷಿಸುವುದಕ್ಕೆ ೧೮೫೯ನೆಯ ಇಸವಿಯ ಕಾನೂನೊಂದು ಇತ್ತು. ಸಾಲಕ್ಕಾಗಿ ಸೆರೆಮನೆಯನ್ನು ತೋರಿಸುವ ಈ ಶಾಸನವು ೧೯೨೦ರ ದಶಕದವರೆಗೂ ಜೀವಂತವಾಗಿತ್ತು. ಬಂಗಲೆಯಿಂದ ಸಾಕಷ್ಟು ದೂರದಲ್ಲಿ, ತಗ್ಗಿನಲ್ಲಿ, ಒಂದೇ ಮಾಡಿನ ಕೆಳಗೆ ಒಂದೊಂದು ಕೋಣೆಯಂತೆ ಇವರ 'ಲೈನು'ಗಳಿದ್ದುವು. ಮನೆ, ಔಷಧಿ, ಮಕ್ಕಳ ಪೋಷಣೆಗಳ ವ್ಯವಸ್ಥೆಯು ತೋಟದ ಒಡೆಯನ ಕರ್ತವ್ಯವೆಂದು ಕಾನೂನು ವಿಧಿಸಿದುದು ಸ್ವಾತಂತ್ರ್ಯ ಬಂದ ಬಳಿಕ, ೧೯೫೧ರ ಪ್ಲಾಂಟೇಶನ್ ಕಾರ್ಮಿಕರ ಶಾಸನದಿಂದ.

ದೊರೆಗಳ ಭಾಗ್ಯವೂ ನಿಶ್ಚಿಂತೆಯದಾಗಿರಲಿಲ್ಲ. ೧೮೬೦ರ ದಶಕದಲ್ಲಿ ಕಾಂಡಕೊರಕ ಹುಳುವು ತೋಟಕ್ಕೆ ತೋಟವನ್ನೇ ಒಣಗಿಸಿತು. ಅದು ತಗ್ಗುವಷ್ಟರಲ್ಲಿ ಸಿಂಹಳವನ್ನು ಹಾಳುಗೆಡವಿದ ಎಲೆತುಕ್ಕು ರೋಗವು ಇಲ್ಲಿಗೂ ದಾಟಿತು. ಕಾಡನ್ನು ಬೋಳು ಮಾಡಿ ಬಿಸಿಲಿಗೆ ನಿಲ್ಲಿಸಿದ ಗಿಡಗಳೇ ಹುಳುವಿಗೆ ಮೊದಲು ತುತ್ತಾದುವು. ಮರಗಳ ನೆರಳನ್ನು ಉಳಿಸಿಕೊಂಡವರ ತೋಟಗಳು ಹೇಗೋ ಬದುಕಿದುವು. ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್ ೧೮೯೪ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆರಳಿನ ಮರಗಳ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದುದು ಈ ಕಾರಣದಿಂದಲೇ. ಅತ್ತಿ, ಹಲಸು, ಬೀಟೆಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು ಎಂಬ ಈಗಿನ ತೋಟದ ಸೊಬಗು ನಷ್ಟವು ಕಲಿಸಿದ ಪಾಠ.

ಸ್ವಾತಂತ್ರ್ಯದ ಆಚೀಚೆ ಬಹುಮಂದಿ ಐರೋಪ್ಯರು ತೋಟಗಳನ್ನು ಮಾರಿ ಹೋದರು. ಕೆಲವನ್ನು ನಮ್ಮವರು ಕೊಂಡರು. ಕೆಲವು ಕಂಪೆನಿಗಳಲ್ಲಿ ಸೇರಿದುವು. ಕೊಡಗಿನ ಪೊಲ್ಲಿಬೆಟ್ಟದಲ್ಲಿ ನೆಲೆಗೊಂಡು ೧೯೪೩ರಲ್ಲಿ ನೋಂದಣಿಯಾದ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಇವುಗಳಲ್ಲಿ ದೊಡ್ಡದು. ಮುಂದೆ ಅದು ಟಾಟಾ ಸಮೂಹಕ್ಕೆ ಸೇರಿ, ೨೦೦೦ನೆಯ ಇಸವಿಯಿಂದ ಟಾಟಾ ಕಾಫಿ ಎಂಬ ಹೆಸರಿನಲ್ಲಿ ನಡೆದು, ೨೦೨೪ರಲ್ಲಿ ಅದೇ ಸಮೂಹದ ಇನ್ನೊಂದು ಸಂಸ್ಥೆಯಲ್ಲಿ ವಿಲೀನವಾಯಿತು. ಹಲವು ತೋಟಗಳು ಒಂದಾದಾಗ ಹಲವು ಬಂಗಲೆಗಳು ಒಬ್ಬನ ಪಾಲಿಗೆ ಬರುವುವು. ಒಬ್ಬ ವ್ಯವಸ್ಥಾಪಕನು ಎಷ್ಟು ಮನೆಗಳಲ್ಲಿ ವಾಸಿಸಿಯಾನು? ಉಳಿದವುಗಳಿಗೆ ಬೀಗ ಬಿದ್ದಿತು. ಘಟ್ಟದ ಮಳೆಯಲ್ಲಿ ಬೀಗ ಹಾಕಿದ ಮನೆಗೆ ಆಯುಷ್ಯ ಕಡಿಮೆ. ಕೋತಿ ಸರಿಸಿದ ಒಂದು ಹೆಂಚನ್ನು ಸರಿಪಡಿಸುವವರಿಲ್ಲದಿದ್ದರೆ ಆ ಮಳೆಗಾಲಕ್ಕೆ ರೀಪು, ಮುಂದಿನ ಮಳೆಗಾಲಕ್ಕೆ ಪಕ್ಕಾಸು, ಅದರ ಮುಂದಿನದಕ್ಕೆ ಗೋಡೆ.

ಈ ಮನೆಗಳಿಗೆ ಮತ್ತೆ ಕೆಲಸ ಕೊಟ್ಟುದು ಒಂದು ಕಷ್ಟವೇ ಎಂಬುದು ವಿಚಿತ್ರ. ೧೯೪೦ರ ದಶಕದಿಂದ ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಬೋರ್ಡು ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿಯು ೧೯೯೬ಕ್ಕೆ ಪೂರ್ಣವಾಗಿ ಮುಗಿಯಿತು. ಬೆಳೆಗಾರನು ಪೇಟೆಗೆ ನೇರವಾಗಿ ಎದುರಾದನು. ಕೆಲವೇ ವರ್ಷಗಳಲ್ಲಿ, ೨೦೦೦ದ ಅನಂತರ, ಲೋಕದಲ್ಲೆಲ್ಲ ಕಾಫಿಯ ಬೆಲೆ ನೆಲಕಚ್ಚಿತು. ಬೆಳೆಯಿಂದ ಖರ್ಚು ಹುಟ್ಟದಿದ್ದಾಗ ಮನೆಗಳ ಬಾಗಿಲು ತೆರೆದುವು. ಚಿಕ್ಕ ಬೆಳೆಗಾರರು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟರು. ಮನೆಯಾಕೆಯ ಕೈಯ ಕಡುಂಬುಟ್ಟಿಗೂ ಅಕ್ಕಿರೊಟ್ಟಿಗೂ ಬೆಲೆ ಬಂದಿತು. ಪೊಲ್ಲಿಬೆಟ್ಟದ ಸುತ್ತಲಿನ ಕೊಟ್ಟಬೆಟ್ಟ, ವೊಶೊಳ್ಳಿ ಮೊದಲಾದ ಹಳೆಯ ಬಂಗಲೆಗಳೂ ಹೀಗೆಯೇ ಅತಿಥಿಗೃಹಗಳಾದುವು. ಈಗ ಅವುಗಳ ಆತಿಥ್ಯವನ್ನು ತಾಜ್ ಹೋಟೆಲುಗಳ ಸಂಸ್ಥೆಯು ನೋಡಿಕೊಳ್ಳುತ್ತಿದೆ. ಬೆಂಕಿಗೂಡುಗಳಲ್ಲಿ ಮತ್ತೆ ಬೆಂಕಿ ಉರಿಯುತ್ತಿದೆ. ಬಂಗಲೆಯ ಸುತ್ತಲಿನ ತೋಟದಲ್ಲಿ ಡಿಸೆಂಬರದಿಂದ ಕೊಯ್ಲು ನಡೆಯುತ್ತದೆ. ಮಾರ್ಚ್ ಏಪ್ರಿಲಿನ ಹೂಮಳೆ ಬಿದ್ದರೆ ಬೆಟ್ಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಕಂಪಿಡುತ್ತದೆ.

ಈ ಮಾದರಿಯು ನಮ್ಮಲ್ಲಿಯೇ ಹುಟ್ಟಿದುದಲ್ಲ. ನಮ್ಮ ಕಾಫಿಯ ಹಡಗುಗಳು ಸುತ್ತಿ ಹೋಗುತ್ತಿದ್ದ ಆ ಕೇಪ್ ನಾಡಿನಲ್ಲಿಯೇ ಇದಕ್ಕೊಂದು ಹಿರಿಯ ಉದಾಹರಣೆಯುಂಟು. ಅಲ್ಲಿ ಕಾಫಿಯ ಬದಲು ದ್ರಾಕ್ಷಿ. ೧೬೮೫ರಲ್ಲಿ ಡಚ್ಚರ ಅಧಿಕಾರಿಯಾದ ಸೈಮನ್ ವಾನ್ ಡರ್ ಸ್ಟೆಲ್ ಕಾನ್ಸ್ಟಾನ್ಷಿಯ ಎಂಬ ದ್ರಾಕ್ಷಿತೋಟವನ್ನು ಹಾಕಿಸಿದನು; ಅಲ್ಲಿಯ ಸಿಹಿ ದ್ರಾಕ್ಷಾರಸವು ಯೂರೋಪಿನ ಅರಮನೆಗಳಲ್ಲಿ ಹೆಸರಾಯಿತು. ೧೮೮೦ರ ದಶಕದಲ್ಲಿ ಬೇರು ತಿನ್ನುವ ಕೀಟವು ಆ ನಾಡಿನ ದ್ರಾಕ್ಷಿಗೆ ಬಿದ್ದಿತು. ಕಾನ್ಸ್ಟಾನ್ಷಿಯ ತೋಟವನ್ನು ೧೮೮೫ರಲ್ಲಿ ಸರಕಾರವು ಕೊಂಡಿತು. ೧೯೨೫ರಲ್ಲಿ ಬೆಂಕಿಗೆ ಆಹುತಿಯಾದ ದೊಡ್ಡ ಮನೆಯನ್ನು ಮೊದಲಿನಂತೆಯೇ ಕಟ್ಟಿ ನಿಲ್ಲಿಸಿದರು. ೧೬೯೨ರ ಕಾಲದ ಬ್ಯಾಬಿಲನ್‌ಸ್ಟೋರೆನ್ ಎಂಬ ಇನ್ನೊಂದು ತೋಟವು ೨೦೧೦ರಿಂದ ಅತಿಥಿಗಳಿಗೆ ಬಿಡಾರವಾಗಿದೆ. ಬಿಳಿಯ ಗೋಡೆ, ಹುಲ್ಲಿನ ಮಾಡು, ಸುತ್ತಲೂ ದ್ರಾಕ್ಷಿಯ ಸಾಲು; ನೋಡಿದವರು ಮರುಳಾಗದೆ ಇರರು.

ಆದರೆ ಆ ಬಿಳಿಯ ಗೋಡೆಗಳನ್ನು ಎತ್ತಿದವರೂ ಬಳ್ಳಿಗಳನ್ನು ಸಾಕಿದವರೂ ದಾಸರು, ಕ್ರಯಕ್ಕೆ ತಂದ ಮನುಷ್ಯರು. ಅವರಲ್ಲಿ ಅನೇಕರು ನಮ್ಮ ಹಿಂದೂದೇಶದ ಕರಾವಳಿಗಳಿಂದಲೇ ಹೋದವರು. ತಾಯ್ತಂದೆಗಳಿಟ್ಟ ಹೆಸರು ಅಳಿದು ಕಡತಗಳಲ್ಲಿ 'ಮಲಬಾರಿನವ', 'ಬಂಗಾಳದವ' ಎಂದು ಊರಿನ ಗುರುತಷ್ಟೇ ಉಳಿಯಿತು. ೧೮೩೪ರಲ್ಲಿ ದಾಸ್ಯವು ಕಾಗದದ ಮೇಲೆ ರದ್ದಾಗಿ, ೧೮೩೮ರಲ್ಲಿ ನಿಜವಾಗಿ ಬಿಡುಗಡೆಯಾಯಿತು. ಆಮೇಲೂ ಕೂಲಿಯ ಒಂದು ಭಾಗವನ್ನು ದ್ರಾಕ್ಷಾರಸವಾಗಿಯೇ ಕೊಟ್ಟು ಕುಡಿತಕ್ಕೆ ಕಟ್ಟಿಹಾಕುವ ದುಷ್ಟ ಪದ್ಧತಿಯು ಬಹುಕಾಲ ನಡೆಯಿತು. ಇಂದು ಕಾನ್ಸ್ಟಾನ್ಷಿಯದ ದೊಡ್ಡ ಮನೆಯು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಒಡೆಯರ ಪೀಠೋಪಕರಣಗಳೊಡನೆ ದಾಸರ ಬಾಳಿನ ಕಥೆಯನ್ನೂ ತೋರಿಸುತ್ತಾರೆ. ಇದರಿಂದ ಅತಿಥಿಗಳು ಕಡಮೆಯಾಗಲಿಲ್ಲ. ಮನೆಯ ಘನತೆಯೂ ಕುಂದಲಿಲ್ಲ. ಸತ್ಯವನ್ನು ಹೇಳುವ ಮನೆಯಲ್ಲಿ ಅತಿಥಿಯು ಹೆಚ್ಚು ನೆಮ್ಮದಿಯಿಂದ ಮಲಗಿಯಾನು.

ನಮ್ಮ ಘಟ್ಟದ ಬಂಗಲೆಗಳು ಈ ಪಾಠವನ್ನು ಕಲಿಯಬೇಕಾಗಿದೆ. ಅತಿಥಿಗೆ ದೊರೆಯ ಬೇಟೆಯ ಕಥೆ, ದೊರೆಸಾನಿಯ ಹೂದೋಟದ ಕಥೆ ಹೇಳುವವರು ಉಂಟು. ಘಟ್ಟ ಹತ್ತಿ ಇಳಿಯದೆ ಉಳಿದ ತುಳುನಾಡಿನ ಆಳಿನ ಕಥೆಯನ್ನು ಹೇಳುವವರು ವಿರಳ. ಅದನ್ನು ಕೇಳುವವರಾದರೂ ಇರಬೇಕು. ಕೇಳುವ ಹಕ್ಕು ಇನ್ನಾರಿಗಿಂತಲೂ ಹೆಚ್ಚಾಗಿ ನಮ್ಮ ಜಿಲ್ಲೆಯವರದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಂತಹ ಮನೆಗೆ ಹೋಗುವ ಗೃಹಸ್ಥರು ಮೂರು ಪ್ರಶ್ನೆಗಳನ್ನು ತಮ್ಮೊಡನೆ ಕೊಂಡೊಯ್ಯಲಿ.

ಮೊದಲನೆಯದು, ತೋಟ ಬದುಕಿದೆಯೆ? ಕಾಫಿಯನ್ನು ಕಿತ್ತು ಕೋಣೆ ಕಟ್ಟಿದ ಸ್ಥಳವು ತೋಟದ ಮನೆಯಾಗಲಾರದು. ಅದು ಬರಿಯ ಹೋಟೆಲು. ೨೦೧೮ನೆಯ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮನೆ, ತೋಟ, ಪ್ರಾಣಗಳು ಮಣ್ಣುಪಾಲಾದುವು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಇಳಿಜಾರನ್ನು ಕಡಿದು ರಸ್ತೆ, ಕಟ್ಟಡಗಳನ್ನು ಮಾಡುವ ಆತುರಕ್ಕೂ ಆಗ ಎಚ್ಚರಿಕೆ ದೊರೆಯಿತು. ಇದ್ದ ಮನೆಯನ್ನು ರಿಪೇರಿ ಮಾಡಿ ಅತಿಥಿಯನ್ನು ಕರೆಯುವುದು ಬೆಟ್ಟಕ್ಕೆ ಭಾರವಲ್ಲ. ಅತಿಥಿಗಾಗಿ ಬೆಟ್ಟವನ್ನೇ ಅಗೆಯುವುದು ಭಾರ.

ಎರಡನೆಯದು, ಮನೆಯನ್ನು ಯಾವ ವಸ್ತುವಿನಿಂದ ರಿಪೇರಿ ಮಾಡಿದ್ದಾರೆ? ಹಳೆಯ ಹೆಂಚು ತೆಗೆದು ತಗಡು ಹೊದಿಸಿದರೆ ಮಳೆಯ ಸದ್ದಿಗೆ ಮಾತು ಕೇಳಿಸದು, ಬಿಸಿಲಿಗೆ ಒಳಗೆ ಕುಳಿತಿರಲಾಗದು. ಇದು ಸೊಗಸಿನ ಮಾತು ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಶನಿನ ಉದ್ಯಮಗಳು ಸರಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದರೂ ಹೆಂಚಿನ ಗೂಡುಗಳು ಆರಲಿಲ್ಲ. ಕಾಂಕ್ರೀಟಿನ ಮಾಡು ಬಂದಾಗ ಅವು ಒಂದೊಂದಾಗಿ ಆರಿದುವು. ಈಗ ಉಳಿದ ಗೂಡುಗಳು ಕೆಲವೇ. ಹಳೆಯ ಮನೆಯೊಂದು ಸಾವಿರ ಹೆಂಚು ಕೊಂಡರೆ ಮಂಗಳೂರಿನಲ್ಲಿ ಒಬ್ಬ ಕೆಲಸಗಾರನ ಕೈಚಳಕ ಉಳಿಯುವುದು.

ಮೂರನೆಯದು, ಲೈನಿನಲ್ಲಿರುವವರು ಹೇಗಿದ್ದಾರೆ? ಅತಿಥಿಯ ಒಂದು ರಾತ್ರಿಯ ಬಾಡಿಗೆಯು ಕೊಯ್ಲಿನವಳ ಎಷ್ಟು ದಿನಗಳ ಕೂಲಿ ಎಂಬ ಲೆಕ್ಕವನ್ನು ಮಕ್ಕಳೇ ಮಾಡಿಯಾರು. ಆ ಹಣದಲ್ಲಿ ಅವಳ ಮನೆಯ ಮಾಡಿಗೂ ಒಂದು ಪಾಲು ಹೋಗುತ್ತಿದ್ದರೆ ಆ ಬಂಗಲೆಯ ಮರುಜೀವವನ್ನು ಧರ್ಮಸಮ್ಮತವೆನ್ನಬಹುದು.

ಇಷ್ಟನ್ನು ಘಟ್ಟದವರಿಗೆ ಹೇಳಿದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕಲ್ಲ. ಮಂಗಳೂರಿನಲ್ಲಿಯೂ ಹೆಂಚಿನ ಮನೆಗಳು, ಗುತ್ತಿನ ಮನೆಗಳು, ಹಿತ್ತಿಲ ನಡುವಿನ ಬಂಗಲೆಗಳು ಬಹುಮಹಡಿಯ ಕಟ್ಟಡಗಳಿಗೆ ಎಡೆಬಿಟ್ಟು ಕಾಣದಾಗುತ್ತಿವೆ. ಅವುಗಳ ಒಡೆಯರನ್ನು ನಿಂದಿಸಿ ಫಲವಿಲ್ಲ. ಮಕ್ಕಳು ಪರದೇಶದಲ್ಲಿ, ಪಾಲುಗಾರರು ಹತ್ತು ಮಂದಿ, ಮಳೆಗಾಲದ ರಿಪೇರಿಯ ಖರ್ಚು ವರ್ಷವರ್ಷಕ್ಕೆ ಹೆಚ್ಚು. ಹೀಗಿರುವಾಗ ಮುದುಕರಿಬ್ಬರು ದೊಡ್ಡ ಮನೆಯನ್ನು ಹೇಗೆ ಕಾದಾರು? ಆದರೆ ಮಾರುವ ಮುನ್ನ ಒಮ್ಮೆ ಯೋಚಿಸಬಹುದು. ಎಲ್ಲ ಮನೆಗಳೂ ಅತಿಥಿಗೃಹಗಳಾಗಬೇಕಾಗಿಲ್ಲ. ಒಂದು ಮನೆ ಮಕ್ಕಳ ಪಾಠಶಾಲೆಯಾಗಲಿ, ಒಂದು ವಾಚನಾಲಯವಾಗಲಿ, ಒಂದರ ಜಗಲಿಯಲ್ಲಿ ಸಂಜೆಗೊಮ್ಮೆ ಯಕ್ಷಗಾನದ ತಾಳಮದ್ದಳೆ ನಡೆಯಲಿ, ಇನ್ನೊಂದರಲ್ಲಿ ಎರಡು ಕೋಣೆಗಳನ್ನು ದೂರದಿಂದ ಬಂದವರಿಗೆ ಕೊಟ್ಟು ಆ ಬಾಡಿಗೆಯಿಂದ ಮಾಡನ್ನು ನೋಡಿಕೊಳ್ಳಲಿ. ಮನೆಗೆ ಕೆಲಸ ದೊರೆತರೆ ಮಾಡಿಗೆ ಹೆಂಚು ತಾನಾಗಿ ದೊರೆಯುವುದು.

ಮುಂದಿನ ಮಳೆಗಾಲಕ್ಕೆ ಮುನ್ನ, ಹಳೆಯ ಮನೆಯುಳ್ಳ ನಮ್ಮ ವಾಚಕರು ಏಣಿ ಇಡಿಸಿ ಮಾಡನ್ನೊಮ್ಮೆ ನೋಡಿಸಲಿ. ಜರುಗಿದ ಹೆಂಚನ್ನು ಸರಿಯಾಗಿ ಕೂಡಿಸಲಿ. ಮಕ್ಕಳನ್ನು ಕರೆದು ಅದರ ಬೆನ್ನಿನ ಮೇಲಿನ ಅಕ್ಷರಗಳನ್ನು ಓದಿಸುವುದನ್ನು ಮಾತ್ರ ಮರೆಯದಿರಲಿ.